ಸಾಲ ಮತ್ತು ಸಾಲು



ನಾನು ವಕೀಲ. ಆದರೆ ಕೊಲೆ ಮೊಕದ್ದಮೆ, ಜಮೀನಿನ ತಕರಾರು, ಅಣ್ಣತಮ್ಮಂದಿರ ಪಾಲುಪಟ್ಟಿ ಇವು ಯಾವುವೂ ನನ್ನ ಮೇಜಿಗೆ ಬರುವುದಿಲ್ಲ. ಮುಳುಗಿದ ಕಂಪನಿಗಳು, ಮುಳುಗುತ್ತಿರುವ ಕಂಪನಿಗಳು, ಮುಳುಗಿದ್ದೇವೆಂದು ಒಪ್ಪಿಕೊಳ್ಳದ ಕಂಪನಿಗಳು – ಮೂವತ್ತು ವರ್ಷಕ್ಕೂ ಮಿಕ್ಕಿ ನನ್ನ ಅನ್ನ ಹುಟ್ಟುತ್ತಿರುವುದು ಇವುಗಳಿಂದಲೇ. ಮದುವೆಮನೆಯಲ್ಲಿ ಯಾರಾದರೂ "ಇವರು ದಿವಾಳಿ ವಕೀಲರು" ಎಂದು ಪರಿಚಯ ಮಾಡಿಕೊಟ್ಟರೆ ಪಕ್ಕದ ಎಲೆಯವರು ಕೊಂಚ ಸರಿದು ಕೂರುತ್ತಾರೆ. ಊಟ ಮುಗಿದು ಕೈ ತೊಳೆಯುವ ಕಡೆ ಅವರಲ್ಲೇ ಒಬ್ಬರು ಹತ್ತಿರ ಬಂದು, ಅತ್ತಿತ್ತ ನೋಡಿ, "ನಿಮ್ಮ ಕಾರ್ಡ್ ಇದ್ದರೆ ಒಂದು ಕೊಡಿ" ಎನ್ನುತ್ತಾರೆ.

ಈ ಕೆಲಸದ ಮೊದಲ ಪಾಠ ನನಗಾದದ್ದು ಒಬ್ಬ ಕ್ಯಾಂಟೀನಿನವರಿಂದ. ತೊಂಬತ್ತರ ದಶಕದ ಆರಂಭ. ನಾನು ಸನ್ನದು ಪಡೆದು ವರ್ಷವೂ ಆಗಿರಲಿಲ್ಲ. ಬೆಂಗಳೂರಿನ ಹೊರವಲಯದ ಒಂದು ಎಂಜಿನಿಯರಿಂಗ್ ಕಾರ್ಖಾನೆಯನ್ನು ಮುಚ್ಚಬೇಕೆಂದು ಹೈಕೋರ್ಟಿನಲ್ಲಿ ಆದೇಶವಾಗಿತ್ತು. ಅಂಥ ಆದೇಶವಾದ ಕೂಡಲೇ ಕಂಪನಿಯ ಆಸ್ತಿಯೆಲ್ಲ ಅಫಿಶಿಯಲ್ ಲಿಕ್ವಿಡೇಟರ್ ಎಂಬ ಸರ್ಕಾರಿ ಅಧಿಕಾರಿಯ ಸುಪರ್ದಿಗೆ ಬರುತ್ತಿತ್ತು. ನಾವು ಅವರನ್ನು ಓ.ಎಲ್. ಎಂದೇ ಕರೆಯುವುದು. ನನ್ನ ಸೀನಿಯರ್ ಓ.ಎಲ್. ಪರ ವಕೀಲರು. ಕಾರ್ಖಾನೆಗೆ ಬೀಗ ಹಾಕಿ ಸೀಲು ಮಾಡುವ ದಿನ ನನ್ನನ್ನು ಜೊತೆಗೆ ಅಟ್ಟಿದರು. ಲೇತ್ ಇಷ್ಟು, ಡ್ರಿಲ್ಲಿಂಗ್ ಮಷೀನ್ ಇಷ್ಟು, ಕಬ್ಬಿಣದ ಬೀರು ಇಷ್ಟು, ಕಾಲು ಮುರಿದ ಕುರ್ಚಿ ಇಷ್ಟು ಎಂದು ಮಹಜರು ಬರೆಯುತ್ತ ಮಧ್ಯಾಹ್ನವಾಯಿತು. ಕ್ಯಾಂಟೀನಿನ ಶೆಡ್ಡಿಗೆ ಬಂದಾಗ ಅದರ ಗುತ್ತಿಗೆದಾರರು ಬಾಗಿಲಿಗೆ ಅಡ್ಡ ನಿಂತಿದ್ದರು. ಉಡುಪಿ ಕಡೆಯವರು, ಐವತ್ತು ದಾಟಿದವರು. ಒಳಗಿರುವ ಪಾತ್ರೆಗಳು ಕಂಪನಿಯವಲ್ಲ, ತಮ್ಮವು ಎಂಬುದು ಅವರ ವಾದ. ಆ ವಾದ ಇತ್ಯರ್ಥವಾದ ಮೇಲೆ ಒಂದು ಉದ್ದನೆಯ ಲೆಕ್ಕದ ಪುಸ್ತಕ ತೆಗೆದರು. ಹದಿನಾಲ್ಕು ತಿಂಗಳ ಕಾಫಿ, ಟೀ, ಊಟದ ಬಾಕಿ. ಪ್ರತಿ ತಿಂಗಳ ಕೊನೆಗೆ ಮ್ಯಾನೇಜರರ ಸಹಿ.

"ಅಲ್ಲ ವಕೀಲ್ರೇ, ಬ್ಯಾಂಕಿನವರು ತಕ್ಕೊಳ್ತಾರೆ, ಸರ್ಕಾರದವರು ತಕ್ಕೊಳ್ತಾರೆ, ಅದೆಲ್ಲ ಗೊತ್ತುಂಟು. ನಂದು ಎಷ್ಟನೇ ನಂಬರ್?"

ನನಗೆ ಗೊತ್ತಿರಲಿಲ್ಲ. ಸಂಜೆ ಚೇಂಬರಿಗೆ ಬಂದು 1956ರ ಕಂಪನಿ ಕಾಯ್ದೆ ಬಿಡಿಸಿ ಕೂತೆ. ಎಲ್ಲಕ್ಕೂ ಮುಂದೆ, ಮುಚ್ಚುವ ಕೆಲಸಕ್ಕೇ ತಗಲುವ ಖರ್ಚು. ಆಮೇಲೆ ಕಾರ್ಮಿಕರ ಬಾಕಿ ಮತ್ತು ಆಸ್ತಿ ಅಡವಿಟ್ಟುಕೊಂಡ ಬ್ಯಾಂಕಿನ ಸಾಲ, ಎರಡೂ ಒಂದೇ ಮೆಟ್ಟಿಲ ಮೇಲೆ. ಕಾರ್ಮಿಕರಿಗೆ ಆ ಮೆಟ್ಟಿಲು ಸಿಕ್ಕಿದ್ದೇ 1985ರ ತಿದ್ದುಪಡಿಯಿಂದ. ಅದಕ್ಕೆ ಸ್ವಲ್ಪ ಮೊದಲಿನವರೆಗೆ ಕಂಪನಿ ಮುಚ್ಚುವ ಅರ್ಜಿಯಲ್ಲಿ ಅವರಿಗೆ ಮಾತಾಡುವ ಹಕ್ಕಿದೆಯೋ ಇಲ್ಲವೋ ಎಂಬುದೇ ತಕರಾರಿನಲ್ಲಿದ್ದು, ಸುಪ್ರೀಂ ಕೋರ್ಟು ಇದೆ ಎಂದು ಹೇಳಬೇಕಾಯಿತು. ಆಮೇಲೆ ತೆರಿಗೆ ಮೊದಲಾದ ಆದ್ಯತೆಯ ಬಾಕಿಗಳು. ಆಮೇಲೆ, ಏನನ್ನೂ ಅಡವಿಟ್ಟುಕೊಳ್ಳದೆ ನಂಬಿಕೆಯ ಮೇಲೆ ಕೊಟ್ಟವರು: ನಟ್ಟು ಬೋಲ್ಟು ಕೊಟ್ಟವರು, ಲಾರಿ ಕಳಿಸಿದವರು, ಟೀ ಕೊಟ್ಟವರು. ಎಲ್ಲರ ಹಿಂದೆ ಷೇರುದಾರರು.

ಯಂತ್ರಗಳ ಬೆಲೆ ಕಟ್ಟಿಸಲು ಮತ್ತೆ ಹೋದಾಗ ಕ್ಯಾಂಟೀನಿನವರು ಗೇಟಿನ ಎದುರು ತಳ್ಳುಗಾಡಿ ಹಾಕಿಕೊಂಡಿದ್ದರು. "ನಿಮ್ಮದು ಕೊನೆಯಿಂದ ಎರಡನೆಯದು" ಎಂದೆ. "ಹಾಗಾದ್ರೆ ನಿಮ್ಮ ಫೀಸು?" ಎಂದು ಕೇಳಿದರು. ಅದು ಮುಚ್ಚುವ ಖರ್ಚಿನಲ್ಲಿ ಬರುತ್ತದೆ, ಮೊದಲನೆಯದು ಎನ್ನಬೇಕಾಯಿತು. ಒಂದು ಗಳಿಗೆ ನನ್ನ ಮುಖ ನೋಡಿದರು. ಒಂದು ಲೋಟ ಟೀ ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ.

ಕನ್ನಡದಲ್ಲಿ ಸಾಲಕ್ಕೂ ಸಾಲಿಗೂ ಒಂದು ಕೊಂಬಿನ ವ್ಯತ್ಯಾಸ. ಆ ಕೊಂಬೇ ನನ್ನ ವೃತ್ತಿ. ಎಲ್ಲರಿಗೂ ತೀರಿಸುವಷ್ಟು ಹಣವಿದ್ದರೆ ವಕೀಲ ಬೇಡ, ಒಬ್ಬ ಗುಮಾಸ್ತ ಸಾಕು. ಹಣ ಸಾಲದೆ ಬಂದಾಗ ಯಾರು ಮುಂದೆ, ಯಾರು ಹಿಂದೆ, ಯಾರು ಹೊರಗೆ ಎಂಬ ಪ್ರಶ್ನೆ ಏಳುತ್ತದೆ. ಕಾನೂನು ಕಲಿಯುವ ಹುಡುಗರು ಕಂಪನಿ ಕಾನೂನಿನಲ್ಲಿ ಮೊದಲು ಓದುವ ಮೊಕದ್ದಮೆ 1897ರ ಸಾಲೊಮನ್ ಪ್ರಕರಣ. ಲಂಡನ್ನಿನ ಬೂಟು ವ್ಯಾಪಾರಿಯೊಬ್ಬ ತನ್ನ ಅಂಗಡಿಯನ್ನು ತಾನೇ ಕಟ್ಟಿದ ಕಂಪನಿಗೆ ಮಾರಿದ. ಬೆಲೆಯ ಒಂದು ಭಾಗಕ್ಕೆ ಕಂಪನಿಯಿಂದ 10,000 ಪೌಂಡಿನ ಸಾಲಪತ್ರ ಬರೆಸಿಕೊಂಡ. ಕಂಪನಿ ಮುಳುಗಿತು. ಅವನು ಬೇರೆ, ಅವನ ಕಂಪನಿ ಬೇರೆ ಎಂದು ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು. ಮೇಷ್ಟರುಗಳು "ಕಂಪನಿಯೂ ಒಬ್ಬ ವ್ಯಕ್ತಿ" ಎಂಬ ತತ್ವ ಹೇಳಿ ಮುಂದಿನ ಪುಟಕ್ಕೆ ಹೋಗುತ್ತಾರೆ. ಆ ಮೊಕದ್ದಮೆಯ ಅಸಲು ಜಗಳ ಸಾಲಿನದು. ಮಾಲೀಕನ ಸಾಲಪತ್ರ ಸಾಲಿನ ಮುಂದೆ ನಿಂತಿತು, ಅವನ ಅಂಗಡಿಗೆ ನಂಬಿಕೆಯ ಮೇಲೆ ಸರಕು ಕೊಟ್ಟವರಿಗೆ ಏನೂ ಸಿಗಲಿಲ್ಲ. ನಮ್ಮ ಕ್ಯಾಂಟೀನಿನವರ ಪೂರ್ವಿಕರು ಆ ತೀರ್ಪಿನಲ್ಲಿದ್ದಾರೆ, ಹೆಸರಿಲ್ಲದೆ.

ಆ ಕಾಲದ ಕಂಪನಿ ಕೋರ್ಟಿನಲ್ಲಿ ಸಾಲು ಸರಿಯಾಗಿಯೇ ಇತ್ತು, ಅದು ಕದಲುತ್ತಿರಲಿಲ್ಲ. ಬೀಗ ಹಾಕಿದ ಕಾರ್ಖಾನೆಗೆ ಕಾವಲುಗಾರರನ್ನು ಇಡಬೇಕು. ಅವರ ಸಂಬಳ ಮುಚ್ಚುವ ಖರ್ಚು, ಅಂದರೆ ಸಾಲಿನ ಮೊದಲಿನದು. ಹರಾಜಿಗೆ ಒಬ್ಬರು ಆಕ್ಷೇಪ ಹಾಕುತ್ತಾರೆ, ಬೆಲೆ ಕಡಿಮೆಯಾಯಿತೆಂದು ಇನ್ನೊಬ್ಬರು ಮೇಲ್ಮನವಿ ಹೋಗುತ್ತಾರೆ. ಮಳೆಗಾಲಗಳು ಕಳೆಯುತ್ತವೆ. ಯಂತ್ರ ಗುಜರಿಯಾಗುತ್ತದೆ, ಗುಜರಿ ಕಳ್ಳತನವಾಗುತ್ತದೆ, ಕಾವಲಿನ ಬಿಲ್ಲು ಮಾತ್ರ ಬೆಳೆಯುತ್ತದೆ. ಯಂತ್ರ ಕಾಯಲು ಕೊಟ್ಟ ಹಣ ಯಂತ್ರ ಮಾರಿ ಬಂದ ಹಣಕ್ಕಿಂತ ಹೆಚ್ಚಾದ ಒಂದು ಲೆಕ್ಕವನ್ನು ನಾನೇ ಕೈಯಾರೆ ಕೋರ್ಟಿಗೆ ಸಲ್ಲಿಸಿದ್ದೇನೆ. ಯಾರೂ ಅದರಲ್ಲಿ ತಪ್ಪು ಮಾಡಿರಲಿಲ್ಲ.

ಇದರ ಜೊತೆಗೆ ಇನ್ನೊಂದು ಬಾಗಿಲಿತ್ತು, ದೆಹಲಿಯಲ್ಲಿ. ಬಿ.ಐ.ಎಫ್.ಆರ್. ಎಂದು ಹೆಸರು, ರೋಗಗ್ರಸ್ತ ಕೈಗಾರಿಕೆಗಳ ಪುನಶ್ಚೇತನಕ್ಕೆ 1985ರ ಕಾಯ್ದೆಯಿಂದ ಹುಟ್ಟಿ 1987ರಲ್ಲಿ ಕೆಲಸ ಶುರು ಮಾಡಿದ ಮಂಡಳಿ. ರೋಗ ಯಾವಾಗ ಬಂತೆಂದು ಹೇಳಲು ಕಾಯ್ದೆಯೇ ಒಂದು ಅಳತೆ ಕೊಟ್ಟಿತ್ತು: ಕಂಪನಿಯ ಒಟ್ಟು ನಷ್ಟ ಅದರ ಸ್ವಂತ ಬಂಡವಾಳವನ್ನೆಲ್ಲ ನುಂಗಿರಬೇಕು. ಉಸಿರು ನಿಂತ ಮೇಲೆ ಆಸ್ಪತ್ರೆಗೆ ಸೇರಿಸಿಕೊಳ್ಳುತ್ತೇವೆ ಎಂದ ಹಾಗಾಯಿತು. ನಮಗೆ ವಕೀಲರಿಗೆ ಅಲ್ಲಿ ಪ್ರಿಯವಾದದ್ದು 22ನೇ ಕಲಮು. ಮಂಡಳಿಯಲ್ಲಿ ವಿಚಾರಣೆ ಇರುವವರೆಗೆ ಯಾರೂ ಸಾಲ ವಸೂಲಿಗೆ ಕೈ ಹಾಕುವಂತಿಲ್ಲ. ಜಪ್ತಿ ಇಲ್ಲ, ಕಂಪನಿ ಮುಚ್ಚುವ ಅರ್ಜಿ ಮುಂದುವರಿಯುವುದಿಲ್ಲ. ಮಾಲೀಕರು ಕುರ್ಚಿ ಬಿಡಬೇಕಾಗಿಯೂ ಇಲ್ಲ. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ ಕಳೆದು ಟಾಲ್‌ಸ್ಟಾಯ್ ಮಾರ್ಗದ ಆ ಕಟ್ಟಡಕ್ಕೆ ಹೋಗಿ, ಹತ್ತು ನಿಮಿಷ ನಿಂತು, ಇನ್ನೊಂದು ವಾಯಿದೆ ತೆಗೆದುಕೊಂಡು ಮತ್ತೆರಡು ರಾತ್ರಿ ಕಳೆದು ಬರುವುದನ್ನು ನಾನು ವರ್ಷಗಟ್ಟಲೆ ಮಾಡಿದೆ. ಕಕ್ಷಿದಾರರು ನಿಲ್ದಾಣಕ್ಕೆ ಕಾರು ಕಳಿಸುತ್ತಿದ್ದರು. ಒಂದು ವಾಯಿದೆ ಎಂದರೆ ನಾಲ್ಕು ತಿಂಗಳ ಬಡ್ಡಿಯಿಲ್ಲದ ನೆಮ್ಮದಿ. ಇಷ್ಟು ವರ್ಷದ ಮೇಲೆ ಹೇಳಲು ನನಗೆ ಸಂಕೋಚವಿಲ್ಲ: ನನ್ನ ವೃತ್ತಿಯ ಮೊದಲರ್ಧದಲ್ಲಿ ನಾನು ಮಾರಿದ ಸರಕು ತಡ. ಅದಕ್ಕೆ ಒಳ್ಳೆಯ ಬೆಲೆಯಿತ್ತು.

ಆ ತಡಕ್ಕೆ ಬೆಲೆ ಕೊಟ್ಟವರನ್ನು ನೋಡಬೇಕಾದರೆ ಕೋಲಾರದ ಚಿನ್ನದ ಗಣಿಗೆ ಹೋಗಬೇಕು. ಭಾರತ್ ಗೋಲ್ಡ್ ಮೈನ್ಸ್ ಕಂಪನಿ 1992ರಲ್ಲಿ ರೋಗಗ್ರಸ್ತವೆಂದು ಬಿ.ಐ.ಎಫ್.ಆರ್. ಎದುರಿಗೆ ಬಂತು. ಮುಚ್ಚುವುದೇ ಸರಿ ಎಂದು ಮಂಡಳಿ ಶಿಫಾರಸು ಮಾಡಿದ್ದು 2000ದಲ್ಲಿ. ಗಣಿಯ ಬಾಗಿಲು ಹಾಕಿದ್ದು 2001ರ ಫೆಬ್ರವರಿ ಕೊನೆಯ ದಿನ. ನಡುವಿನ ಎಂಟು ವರ್ಷ ಒಂದು ಊರೇ ಉಸಿರು ಬಿಗಿಹಿಡಿದು ಕೂತಿತ್ತು. ನೂರಿಪ್ಪತ್ತು ವರ್ಷ ಚಿನ್ನ ತೆಗೆದ ಊರು. ನೆಲದೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಬಂದವರ ಮಕ್ಕಳು ಇವತ್ತು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಬರುತ್ತಾರೆ. ಬೆಂಗಳೂರಿನ ಎನ್.ಜಿ.ಇ.ಎಫ್. ಕಾರ್ಖಾನೆಯ ಕಥೆ ಇನ್ನೊಂದು ಬಗೆಯದು. ಅದರ ಆಸ್ತಿಯನ್ನು ಮಾರುವ ಅಧಿಕಾರ ಬಿ.ಐ.ಎಫ್.ಆರ್.ಗೋ ಕಂಪನಿ ಕೋರ್ಟಿಗೋ ಎಂಬ ಪ್ರಶ್ನೆಯೇ ಸುಪ್ರೀಂ ಕೋರ್ಟಿನವರೆಗೆ ಹೋಗಿ 2005ರಲ್ಲಿ ತೀರ್ಮಾನವಾಯಿತು. ಹೆಣ ಯಾರು ಎತ್ತಬೇಕು ಎಂಬ ವ್ಯಾಜ್ಯ.

ಮುಳುಗಿದ ಕಾರ್ಖಾನೆಯಿಂದ ನಾಡಿಗೆ ಲಾಭವಾದದ್ದೂ ಇದೆ. ಬೆಂಗಳೂರಿನ ಮಿನರ್ವಾ ಮಿಲ್ಲು ರೋಗಗ್ರಸ್ತವೆಂದು 1971ರಲ್ಲಿ ಅದರ ಆಡಳಿತವನ್ನು ಕೇಂದ್ರ ಸರ್ಕಾರ ವಹಿಸಿಕೊಂಡು, 1974ರ ಕಾಯ್ದೆಯಿಂದ ರಾಷ್ಟ್ರೀಕರಣ ಮಾಡಿತು. ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. ನಾನಿ ಪಾಲ್ಖಿವಾಲಾ ವಾದಿಸಿದರು. 1980ರ ತೀರ್ಪಿನಲ್ಲಿ, ಸಂಸತ್ತಿಗೆ ಸಂವಿಧಾನ ತಿದ್ದುವ ಅಧಿಕಾರವುಂಟು, ಆದರೆ ಅದಕ್ಕೊಂದು ಎಲ್ಲೆಯುಂಟು ಎಂಬುದು ಗಟ್ಟಿಯಾಯಿತು. ದೇಶದ ಪ್ರತಿಯೊಬ್ಬ ಕಾನೂನು ವಿದ್ಯಾರ್ಥಿ ಆ ಗಿರಣಿಯ ಹೆಸರು ಬಾಯಿಪಾಠ ಮಾಡುತ್ತಾನೆ. ಮಾಲೀಕರಿಗೆ ಗಿರಣಿಯೇನೂ ವಾಪಸು ಬರಲಿಲ್ಲ.

ಇನ್ನು ಕಿಂಗ್‌ಫಿಷರ್ ವಿಮಾನ ಕಂಪನಿ. ಬೆಂಗಳೂರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. 2005ರಲ್ಲಿ ಹಾರಿತು, 2012ರ ಅಕ್ಟೋಬರಿನಲ್ಲಿ ಇಳಿಯಿತು. ಎಂಜಿನಿಯರುಗಳು, ಪೈಲಟ್‌ಗಳು ತಿಂಗಳುಗಟ್ಟಲೆ ಸಂಬಳವಿಲ್ಲದೆ ಮುಷ್ಕರಕ್ಕೆ ಕೂತಿದ್ದರು. ಕರ್ನಾಟಕ ಹೈಕೋರ್ಟು ಆ ಕಂಪನಿಯನ್ನು ಮುಚ್ಚಲು ಆದೇಶ ಕೊಟ್ಟದ್ದು 2016ರ ನವೆಂಬರ್ 18ರಂದು. ಹಾರಾಟ ನಿಂತ ನಾಲ್ಕು ವರ್ಷದ ಮೇಲೆ. ಸಾಲ ಕೊಡುವಾಗ ಬ್ಯಾಂಕುಗಳು ಅಡವಿಟ್ಟುಕೊಂಡ ಆಸ್ತಿಯಲ್ಲಿ ಆ ಹಕ್ಕಿಯ ಹೆಸರೂ ಒಂದು. ಆಗ ಅದಕ್ಕೆ ಕಟ್ಟಿದ ಬೆಲೆ ನಾಲ್ಕು ಸಾವಿರ ಕೋಟಿ ರೂಪಾಯಿಗೂ ಮೇಲೆ. 2016ರ ಏಪ್ರಿಲಿನಲ್ಲಿ ಹೆಸರು, ಚಿಹ್ನೆಗಳನ್ನು 366 ಕೋಟಿ ಚಿಲ್ಲರೆಗೆ ಹರಾಜಿಗಿಟ್ಟರು. ಒಬ್ಬರೂ ಕೂಗಲಿಲ್ಲ. ವಿಮಾನವಿಲ್ಲದ ವಿಮಾನ ಕಂಪನಿಯ ಹೆಸರನ್ನು ಕೊಂಡು ಯಾರು ಏನು ಮಾಡಬೇಕು? ಮುಂಬೈಯ ಕಿಂಗ್‌ಫಿಷರ್ ಹೌಸ್ ಅದೇ ವರ್ಷ 150 ಕೋಟಿಗೆ ಹರಾಜಿಗೆ ಬಂತು. ಕೊನೆಗೆ 2021ರಲ್ಲಿ ಹೋದದ್ದು 52 ಕೋಟಿ 25 ಲಕ್ಷಕ್ಕೆ. ಕಟ್ಟಡ ಎಲ್ಲೂ ಓಡಿಹೋಗಿರಲಿಲ್ಲ. ಐದು ವರ್ಷ ಕಾದದ್ದಕ್ಕೆ ಬ್ಯಾಂಕುಗಳು ತೆತ್ತ ಬೆಲೆ ಅದು.

ಕಿಂಗ್‌ಫಿಷರ್ ಮುಚ್ಚುವ ಆದೇಶವಾಗಿ ಸರಿಯಾಗಿ ಹದಿಮೂರು ದಿನಕ್ಕೆ, 2016ರ ಡಿಸೆಂಬರ್ 1ರಂದು, ಹಳೆಯ ಮನೆ ಕೆಡವಿದರು. ಬಿ.ಐ.ಎಫ್.ಆರ್. ಹೋಯಿತು. ಕಂಪನಿಗಳ ಮಟ್ಟಿಗೆ ದಿವಾಳಿ ಸಂಹಿತೆ ಜಾರಿಗೆ ಬಂತು, ಕಂಪನಿ ಕೋರ್ಟಿನ ಫೈಲುಗಳು ಎನ್‌ಸಿಎಲ್‌ಟಿ ಎಂಬ ಹೊಸ ನ್ಯಾಯಮಂಡಳಿಗೆ ಸಾಗತೊಡಗಿದವು. ಐವತ್ತರ ವಯಸ್ಸಿಗೆ ಬಂದು ಮತ್ತೆ ಒಂದನೇ ತರಗತಿಗೆ ಕೂತಂತಾಯಿತು ನನಗೆ.

ಹೊಸ ಕಾನೂನಿನ ಜೀವಾಳ ಇಷ್ಟೇ. ಸಾಲ ಕೊಟ್ಟವರು ಅರ್ಜಿ ಹಾಕಿ, ಅರ್ಜಿ ಅಂಗೀಕಾರವಾದ ಗಳಿಗೆಯಿಂದ ಮಾಲೀಕರು ಕುರ್ಚಿ ಬಿಡಬೇಕು. ರೆಸಲ್ಯೂಷನ್ ಪ್ರೊಫೆಷನಲ್ ಎಂಬೊಬ್ಬರು, ನಮ್ಮ ಬಾಯಲ್ಲಿ ಆರ್.ಪಿ., ಬಂದು ಕೂರುತ್ತಾರೆ. ವಸೂಲಿಗೆ ತಡೆ ಇಲ್ಲೂ ಇದೆ, ಆದರೆ ಅದು ಮಾಲೀಕರ ತಲೆಗೆ ನೆರಳಲ್ಲ. ಬ್ಯಾಂಕುಗಳ ಸಮಿತಿ ಕೂತು, ಕಂಪನಿಯನ್ನು ಕೊಂಡು ನಡೆಸುವವರ ಯೋಜನೆಗಳನ್ನು ನೋಡಿ, ನೂರಕ್ಕೆ 66 ಮತದಿಂದ ಒಂದನ್ನು ಆರಿಸುತ್ತದೆ. ಮೊದಲು 180 ದಿನ, ಬೇಕಾದರೆ ಇನ್ನು 90. ಎಲ್ಲ ವ್ಯಾಜ್ಯ ಸೇರಿ 330 ದಿನ ಮೀರಬಾರದೆಂದು 2019ರಲ್ಲಿ ಹೇಳಿದರು. ಆಗದಿದ್ದರೆ ಕಂಪನಿ ಮಾರಾಟಕ್ಕೆ. ಬಾಕಿ ಉಳಿಸಿಕೊಂಡ ಮಾಲೀಕರು ಹಿಂಬಾಗಿಲಿನಿಂದ ಅಗ್ಗಕ್ಕೆ ತಮ್ಮ ಕಂಪನಿಯನ್ನೇ ಕೊಳ್ಳದಂತೆ 2017ರಲ್ಲಿ 29ಎ ಎಂಬ ಕಲಮು ಸೇರಿತು. ಇದರ ಪರಿಣಾಮ ನನ್ನ ಫೋನಿನಲ್ಲೇ ಗೊತ್ತಾಯಿತು. ಮೊದಲು ಮಾಲೀಕರು "ಎಷ್ಟು ದಿನ ಎಳೆಯಬಹುದು?" ಎಂದು ಕೇಳುತ್ತಿದ್ದರು. ಈಗ "ನಾಳೆಯೇ ಕಟ್ಟಿಬಿಟ್ಟರೆ ಅರ್ಜಿ ವಾಪಸು ತೆಗೆಯುತ್ತಾರಾ?" ಎನ್ನುತ್ತಾರೆ. ಈ ಒಂದು ಬದಲಾವಣೆಗೇ ಸಂಹಿತೆಗೆ ನಾನು ಅರ್ಧಕ್ಕಿಂತ ಹೆಚ್ಚು ಅಂಕ ಕೊಡುತ್ತೇನೆ.

ಪೂರ್ತಿ ಅಂಕ ಕೊಡಲಾರೆ. ಎಸ್ಸಾರ್ ಸ್ಟೀಲ್ ಪ್ರಕರಣ 2017ರ ಆಗಸ್ಟಿನಲ್ಲಿ ಅಂಗೀಕಾರವಾಗಿ, ಸುಪ್ರೀಂ ಕೋರ್ಟಿನ ಕೊನೆಯ ಮಾತು ಬಂದದ್ದು 2019ರ ನವೆಂಬರಿನಲ್ಲಿ. ಎಂಟುನೂರು ದಿನ ದಾಟಿತ್ತು. ಅಲ್ಲಿ ಆರ್ಸೆಲರ್ ಮಿತ್ತಲ್ 42,000 ಕೋಟಿ ಕೊಟ್ಟು ಕೊಂಡಿತು, ಬ್ಯಾಂಕುಗಳು ಗೆದ್ದವು. ಆದರೆ ಆ ಮೊಕದ್ದಮೆಯ ನಡುವೆ ಕ್ಯಾಂಟೀನಿನವರ ಪ್ರಶ್ನೆ ಮತ್ತೆ ಎದ್ದಿತ್ತು. ಸಾಲ ಕೊಟ್ಟ ಬ್ಯಾಂಕಿಗೂ ಸರಕು ಕೊಟ್ಟ ವ್ಯಾಪಾರಿಗೂ ಸಮಪಾಲು ಸಿಗಬೇಕು ಎಂದಿತು ಮೇಲ್ಮನವಿ ಮಂಡಳಿ. ಹಾಗಿಲ್ಲ, ಸಮಾನರ ನಡುವೆ ಮಾತ್ರ ಸಮಾನತೆ, ಹಂಚಿಕೆ ಬ್ಯಾಂಕುಗಳ ಸಮಿತಿಯ ವಿವೇಚನೆಗೆ ಬಿಟ್ಟದ್ದು ಎಂದಿತು ಸುಪ್ರೀಂ ಕೋರ್ಟು. ತೀರ್ಪು ಕಾನೂನಿನ ಪ್ರಕಾರ ಸರಿಯೇ ಇರಬಹುದು. ಟೀ ಕೊಟ್ಟವರು ಆ ಸಮಿತಿಯಲ್ಲಿ ಇರುವುದಿಲ್ಲ. ಅಂಥವರ ಬಾಕಿಯೆಲ್ಲ ಕೂಡಿ ಒಟ್ಟು ಸಾಲದ ಹತ್ತನೇ ಒಂದಾದರೆ ಅವರ ಕಡೆಯಿಂದ ಒಬ್ಬರು ಬಂದು ಕೂರಬಹುದು, ಕೈ ಎತ್ತುವ ಹಾಗಿಲ್ಲ. ಕಂಪನಿ ಮಾರಾಟಕ್ಕೆ ಹೋದರೆ ಅವರದು ಆರನೇ ನಂಬರು. ಮೊದಲನೆಯದು ಈಗಲೂ ನಾವೇ.

ಸಾಲ ಕೊಟ್ಟವರು ಬಿಟ್ಟುಕೊಡುವ ಹಣಕ್ಕೆ ಈ ವ್ಯವಹಾರದಲ್ಲಿ ಹೇರ್‌ಕಟ್ ಎನ್ನುತ್ತಾರೆ. ಅದನ್ನು ಕನ್ನಡಕ್ಕೆ ತರುವ ಗೋಜೇ ಇಲ್ಲ. ನಾಮ ಹಾಕು, ತಲೆ ಬೋಳಿಸು ಎಂಬ ಮಾತುಗಳು ನಮ್ಮಲ್ಲಿ ಮೊದಲೇ ಇವೆ. ವಿಡಿಯೋಕಾನ್ ಗುಂಪಿನ 13 ಕಂಪನಿಗಳ ಮೇಲೆ ಒಪ್ಪಿತವಾದ ಸಾಲ 64,838 ಕೋಟಿ ರೂಪಾಯಿ. ಬಂದ ಯೋಜನೆ 2,962 ಕೋಟಿಯದು, ನೂರಕ್ಕೆ ನಾಲ್ಕು ಚಿಲ್ಲರೆ. 2021ರಲ್ಲಿ ಎನ್‌ಸಿಎಲ್‌ಟಿಯ ಮುಂಬೈ ಪೀಠ ಅದನ್ನು ಒಪ್ಪುತ್ತಲೇ, ಇದು ಕ್ಷೌರವಲ್ಲ, ಪೂರ್ತಿ ಮುಂಡನ ಎಂಬರ್ಥದ ಮಾತನ್ನು ಆದೇಶದಲ್ಲೇ ಬರೆಯಿತು. ನ್ಯಾಯಮಂಡಳಿಗೂ ನಮ್ಮ ಹಳ್ಳಿಯವರಿಗೂ ಒಂದೇ ಉಪಮೆ ಹೊಳೆಯಿತು ನೋಡಿ. ಮೇಲ್ಮನವಿಯಲ್ಲಿ ಆ ಒಪ್ಪಿಗೆ ನಿಲ್ಲಲಿಲ್ಲ.

ಅಮೆರಿಕದಲ್ಲಿ ಈ ವೃತ್ತಿಗೆ ಒಂದು ಮನೆತನದ ಮರ್ಯಾದೆಯೇ ಇದೆ. ಅಲ್ಲೂ ಅದು ಮೊದಲಿನಿಂದ ಇದ್ದದ್ದಲ್ಲ. ಅರವತ್ತರ ದಶಕದಲ್ಲಿ ದೊಡ್ಡ ವಕೀಲಿ ಸಂಸ್ಥೆಗಳು ದಿವಾಳಿ ಕೆಲಸವೆಂದರೆ ಮೂಗು ಮುರಿಯುತ್ತಿದ್ದವು. ನ್ಯೂಯಾರ್ಕಿನ ಹಾರ್ವೆ ಮಿಲ್ಲರ್ ಎಂಬ ವಕೀಲರು 1969ರಲ್ಲಿ ಅಂಥದೊಂದು ಸಂಸ್ಥೆಯೊಳಗೆ ಇದಕ್ಕಾಗಿಯೇ ವಿಭಾಗ ಕಟ್ಟಿದರು. 2008ರ ಸೆಪ್ಟೆಂಬರಿನಲ್ಲಿ ಲೇಮನ್ ಬ್ರದರ್ಸ್ ಬಿದ್ದಾಗ ಅದರ ಅರ್ಜಿ ಹೊತ್ತವರು ಅವರೇ, ಮರುವರ್ಷ ಜನರಲ್ ಮೋಟಾರ್ಸ್ ಪರ ನಿಂತವರೂ ಅವರ ಸಂಸ್ಥೆಯವರೇ. ಜನರಲ್ ಮೋಟಾರ್ಸ್ 2009ರ ಜೂನ್ 1ರಂದು ಅರ್ಜಿ ಹಾಕಿ ಜುಲೈ 10ಕ್ಕೆ ಹೊಸ ಕಂಪನಿಯಾಗಿ ಹೊರಬಂತು. ಬೆನ್ನಿಗೆ ಸರ್ಕಾರದ ಹಣವಿತ್ತು ನಿಜ. ಆದರೂ ನಲವತ್ತು ದಿನ! ಅಲ್ಲಿನ ಕಾನೂನು ಮಾಲೀಕರನ್ನು ಕುರ್ಚಿಯಿಂದ ಎಬ್ಬಿಸುವುದಿಲ್ಲ, ಆದ್ದರಿಂದ ಅವರು ಬೇಗ ಬರುತ್ತಾರೆ. ನಮ್ಮಲ್ಲಿ ಬಂದರೆ ಕುರ್ಚಿ ಹೋಗುತ್ತದೆ, ಆದ್ದರಿಂದ ಕೊನೆಯ ಗಳಿಗೆಯವರೆಗೆ ಬರುವುದಿಲ್ಲ. ಮಾಲೀಕರು ಮಾಡಿದ ಮೋಸಗಳನ್ನು ನೋಡಿ ಬರೆದ ಕಾನೂನು ನಮ್ಮದು. ಹಾಗೆ ಬರೆಯಲು ಕಾರಣಗಳೂ ಇದ್ದವು.

ದೊಡ್ಡವರ ಕಥೆ ಸಾಕು. ನನ್ನನ್ನು ಹೆಚ್ಚು ಕಾಡಿದ್ದು ಪೀಣ್ಯದ ಒಬ್ಬರು. ಎರಡು ಶೆಡ್ಡು, ಇಪ್ಪತ್ತು ಮಂದಿ ಕೆಲಸಗಾರರು, ಒಂದೇ ದೊಡ್ಡ ಗಿರಾಕಿ. ಆ ಗಿರಾಕಿ ಕಂಪನಿ ಎನ್‌ಸಿಎಲ್‌ಟಿಗೆ ಹೋಯಿತು, ಇವರಿಗೆ ಬರಬೇಕಾದ 38 ಲಕ್ಷ ಅದರೊಳಗೆ ಸಿಕ್ಕಿಕೊಂಡಿತು. ಇತ್ತ ಇವರ ಬ್ಯಾಂಕಿನ ಕಂತು ನಿಂತಿತು. ನನ್ನ ಹತ್ತಿರ ಬಂದಾಗ ಬ್ಯಾಂಕಿನವರು ಅರುವತ್ತು ದಿನದ ನೋಟಿಸು ಕೊಟ್ಟು, ಆ ದಿನಗಳೂ ಮುಗಿದು, ಮನೆ ಗೋಡೆಗೆ ಸ್ವಾಧೀನದ ನೋಟಿಸು ಅಂಟಿಸಿ ಹೋಗಿದ್ದರು. ಜೊತೆಗೆ ಹೆಂಡತಿ ಬಂದಿದ್ದರು. ಬಟ್ಟೆಚೀಲದಿಂದ ಕಾಗದ ತೆಗೆದು ಒಂದೊಂದಾಗಿ ಮೇಜಿನ ಮೇಲಿಟ್ಟರು. ಜಾಮೀನು ಪತ್ರದಲ್ಲಿ ಅವರ ಸಹಿಯೂ ಇತ್ತು.

"ಇದನ್ನು ಓದಿ ಸಹಿ ಮಾಡಿದ್ರಾಮ್ಮಾ?" ಎಂದೆ.

"ಇಂಗ್ಲಿಷ್‌ನಲ್ಲಿತ್ತು ಸಾರ್. ಇವ್ರು ಪೆನ್ಸಿಲಲ್ಲಿ ಗುರ್ತು ಹಾಕಿ ಕೊಟ್ರು, ಗುರ್ತು ಇದ್ದಲ್ಲೆಲ್ಲ ಹಾಕ್ದೆ."

ಕಂಪನಿ ಬೇರೆ, ಮಾಲೀಕ ಬೇರೆ ಎಂದ 1897ರ ತೀರ್ಪನ್ನು ಒಂದು ಪೆನ್ಸಿಲ್ ಗುರುತು ಅಳಿಸಿಹಾಕುತ್ತದೆ. ಜಾಮೀನು ಕೊಟ್ಟವರ ಮನೆ, ಒಡವೆ ಎಲ್ಲ ಸಾಲಕ್ಕೆ ಗುರಿ. ಕಂಪನಿಯನ್ನು ಬೇರೆಯವರು ಕೊಂಡು ಉಳಿಸಿಕೊಂಡರೂ ಅಷ್ಟರಿಂದಲೇ ಜಾಮೀನುದಾರರು ಬಿಡುಗಡೆಯಾಗುವುದಿಲ್ಲವೆಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿದೆ. "ಎರಡು ವರ್ಷದ ಹಿಂದೆ, ಮೊದಲ ಕಂತು ತಪ್ಪಿದಾಗಲೇ ಯಾಕೆ ಬರಲಿಲ್ಲ?" ಎಂದು ಕೇಳಿದೆ. ಆಗ ಒಂದು ಶೆಡ್ಡು ಮಾರಬಹುದಿತ್ತು, ಬ್ಯಾಂಕಿನೊಡನೆ ಕೂತು ಸಾಲದ ಅವಧಿ ಬದಲಿಸಿಕೊಳ್ಳಬಹುದಿತ್ತು, ಇನ್ನೊಬ್ಬ ಗಿರಾಕಿಯನ್ನು ಹುಡುಕಲು ಉಸಿರು ಸಿಗುತ್ತಿತ್ತು. ಅವರು ತಲೆ ಎತ್ತಲಿಲ್ಲ. "ಮರ್ಯಾದೆ ಸಾರ್. ಬೀಗರಿಗೆ ಗೊತ್ತಾಗುತ್ತೆ ಅಂತ." ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ನಾನು ಒಂದಿಷ್ಟು ಅರ್ಜಿ ಹಾಕಿದೆ. ಬ್ಯಾಂಕಿನೊಡನೆ ರಾಜಿಯಾಯಿತು, ಮನೆ ಮಾರಿ ತೀರಿಸಿದರು. ಈಗ ನೆಲಮಂಗಲದ ಬಾಡಿಗೆ ಶೆಡ್ಡಿನಲ್ಲಿ ಎರಡು ಲೇತ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುತ್ತಾರೆ. ಯುಗಾದಿಗೆ ಫೋನು ಮಾಡುತ್ತಾರೆ.

ದಿವಾಳಿ ಎದ್ದ, ಪಾಪರ್ ಆದ, ಕೈ ಎತ್ತಿದ – ನಮ್ಮ ಮಾತುಗಳನ್ನೇ ನೋಡಿ, ಒಂದೊಂದೂ ಬೈಗುಳ. ವ್ಯಾಪಾರದಲ್ಲಿ ಸೋಲುವುದು ಕಳ್ಳತನವಲ್ಲ. ಕಳ್ಳತನ ಮಾಡಿ ಸೋಲಿನ ವೇಷ ಹಾಕಿದವರನ್ನು ನಾನು ಕಂಡಿದ್ದೇನೆ, ಅವರ ಪರ ನಿಂತದ್ದೂ ಇದೆ. ಆದರೆ ನಾಚಿಕೆಯಿಂದ ಮನೆಯಲ್ಲಿ ಕೂತದ್ದು ಅವರಲ್ಲ. ಅವರು ಮೊದಲ ಕಂತು ತಪ್ಪುವ ಮುಂಚೆಯೇ ವಕೀಲರನ್ನು ಕಂಡಿರುತ್ತಾರೆ.

ಕೊನೆಗೊಂದು ಕೆಲಸದ ಮಾತು ಹೇಳಿ ಮುಗಿಸುತ್ತೇನೆ. ಯಾವುದೇ ಕಂಪನಿಯ ಮೇಲೆ ದಿವಾಳಿ ಅರ್ಜಿ ಅಂಗೀಕಾರವಾದ ಕೂಡಲೇ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ, ಒಂದು ಆ ಸೀಮೆಯ ಭಾಷೆಯ ಪತ್ರಿಕೆಯಲ್ಲಿ. ಅಂದರೆ ನಮ್ಮ ರಾಜ್ಯದ ಕಂಪನಿಯಾದರೆ ಕನ್ನಡದಲ್ಲಿ. ಒಳಪುಟದಲ್ಲಿ, ಟೆಂಡರುಗಳ ನಡುವೆ, ಸಣ್ಣ ಅಕ್ಷರದ ಒಂದು ಚೌಕ. ಬರಬೇಕಾದ ಬಾಕಿ ಕೇಳಿಕೊಳ್ಳಲು ಹದಿನಾಲ್ಕು ದಿನ ಕೊಟ್ಟಿರುತ್ತಾರೆ. ತಪ್ಪಿದರೂ ಕನಿಷ್ಠ ತೊಂಬತ್ತನೇ ದಿನದವರೆಗೆ ದಾರಿಯುಂಟು. ಹೆಚ್ಚಿನವರು ಆ ಚೌಕವನ್ನು ನೋಡುವುದೇ ಇಲ್ಲ, ಕೇಳದವರ ಬಾಕಿ ಲೆಕ್ಕಕ್ಕೆ ಬರುವುದೂ ಇಲ್ಲ. ನೀವು ಕೆಲಸ ಮಾಡುವ ಕಂಪನಿಯ ಹೆಸರೋ, ನೀವು ಸರಕು ಕೊಟ್ಟ ಕಂಪನಿಯ ಹೆಸರೋ ಅಲ್ಲಿ ಕಂಡರೆ ಕತ್ತರಿಸಿ ಇಟ್ಟುಕೊಳ್ಳಿ. ಸರಕು ಕೊಟ್ಟವರು, ಲಾರಿ ಓಡಿಸಿದವರು, ಕ್ಯಾಂಟೀನು ನಡೆಸಿದವರು ತುಂಬಬೇಕಾದದ್ದು ನಮೂನೆ 'ಬಿ'. ಕಾರ್ಮಿಕರು, ನೌಕರರು ತುಂಬಬೇಕಾದದ್ದು ನಮೂನೆ 'ಡಿ'. ಎಲ್ಲರ ಪರವಾಗಿ ಸಂಘದವರು ಒಟ್ಟಿಗೆ ಹಾಕುವುದಾದರೆ 'ಇ'. ಫ್ಲ್ಯಾಟಿಗೆ ಮುಂಗಡ ಕೊಟ್ಟವರಿಗೆ 'ಸಿಎ'. ಸಂಬಳದ ಚೀಟಿ, ಬಿಲ್ಲು, ಸಹಿ ಇರುವ ಲೆಕ್ಕದ ಪುಸ್ತಕ ಏನಿದೆಯೋ ಅದರ ಪ್ರತಿ ಲಗತ್ತಿಸಿ ಆರ್.ಪಿ.ಗೆ ಕಳಿಸಿ. ಇದಕ್ಕೆ ಶುಲ್ಕವಿಲ್ಲ. ವಕೀಲರೂ ಬೇಕಿಲ್ಲ.